ವಾರಗಿತ್ತಿಯ ಕಣ್ಣು

ಕಳಸ
12 ಜನವರಿ 2025

ಅರುಣಾ,

ಮೊದಲೇ ಹೇಳಿಬಿಡುತ್ತೇನೆ, ಇದು ಮಾತಲ್ಲ, ಕಾಗದ. ನಿನ್ನ ಹತ್ತಿರ ಇನ್ನು ಮಾತಾಡುವುದಿಲ್ಲ ಅಂತ ಹೊರನಾಡಮ್ಮನ ಮುಂದೆ ದೀಪ ಹಚ್ಚಿ ಆಣೆ ಮಾಡಿ ಬಂದವಳು ನಾನು. ನಾಲ್ಕು ವರ್ಷದಿಂದ ಅದನ್ನು ನಡೆಸಿಕೊಂಡು ಬಂದಿದ್ದೇನೆ. ಆದರೆ ಬರೆಯುವುದಿಲ್ಲ ಅಂತ ಆಣೆ ಮಾಡಿಲ್ಲ. ನಿನ್ನ ಭಾವ ಇದನ್ನು ಕೇಳಿ, "ದೇವ್ರಿಗೇ ಲಾ ಪಾಯಿಂಟ್ ಹಾಕ್ತೀಯಲ್ಲ ಮಾರಾಯ್ತಿ" ಅಂತ ನಕ್ಕರು. ನಗಲಿ ಬಿಡು.

ಆಣೆ ಯಾಕೆ ಮಾಡಿದೆ ಅನ್ನುವುದು ನಿನಗೆ ಮರೆತಿದ್ದರೆ ನೆನಪಿಸುತ್ತೇನೆ. ನಿನ್ನ ಮಗಳು ಧನ್ಯಾಳ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ನಿಮ್ಮ ಅತ್ತಿಗುಂಡಿ ಮನೆಯಿಂದ ಹೊರಟು ಗೇಟಿನ ತನಕ ಬಂದಿದ್ದೆ. ಛತ್ರಿ ಮರೆತಿದ್ದೆ ಅಂತ ವಾಪಸ್ ಬಂದರೆ, ಅಡುಗೆಮನೆಯಲ್ಲಿ ನೀನು ಉಪ್ಪು, ಒಣಮೆಣಸಿನಕಾಯಿ ಹಿಡಿದು ಮಗುವಿಗೆ ನಿವಾಳಿಸುತ್ತಿದ್ದೆ. ಅದನ್ನು ಕೆಂಡಕ್ಕೆ ಹಾಕಿ, "ಘಾಟೇ ಬರ್ತಿಲ್ಲ ನೋಡು, ಎಷ್ಟು ಕಣ್ಣು ಬಿದ್ದಿದೆ ಮಗೂಗೆ" ಅಂದೆ. ಆ ಹೊತ್ತಿಗೆ ನೆಂಟರೆಲ್ಲ ಹೋಗಿಯಾಗಿತ್ತು. ಕೊನೆಗೆ ಹೊರಟವಳು ನಾನೊಬ್ಬಳೇ. ಛತ್ರಿ ಅಲ್ಲೇ ಬಿಟ್ಟು ಬಂದೆ. ಅದು ಇನ್ನೂ ನಿಮ್ಮ ಮನೆಯಲ್ಲೇ ಇದೆ.

ಇರಲಿ, ಕಾಗದ ಬರೆದದ್ದು ಅದಕ್ಕಲ್ಲ. ಹೋದ ತಿಂಗಳು ಕಣದಲ್ಲಿ ಪಾರ್ಚ್‌ಮೆಂಟ್ ಹರವಿಸುತ್ತಿದ್ದೆ. ಹಣ್ಣು ಸುಲಿದು ತೊಳೆದು ಬೆಳ್ಳಗೆ ಹರಡಿದ ಕಾಫಿ ಬೀಜದ ಮೇಲೆ ಕಪ್ಪು ಕಾಳು ಕಂಡಿತು. ಒಂದಲ್ಲ, ನಾಲ್ಕಾರು. ಹಣ್ಣು ಆರಿಸುವಾಗ ಕಣ್ಣು ಎಲ್ಲಿತ್ತು ಅಂತ ಹೆಂಗಸರಿಗೆಲ್ಲ ಬೈದೆ. ಅವರು ಹುಡುಕಿದರು, ಒಂದೂ ಸಿಗಲಿಲ್ಲ. ನಾನೇ ಬಗ್ಗಿ ತೋರಿಸಲು ಹೋದರೆ ಆ ಕಪ್ಪುಕಾಳು ನನ್ನ ಬೆರಳಿನ ಮುಂದೆ ಮುಂದೆ ಓಡಿತು. ತಲೆ ಎತ್ತಿದರೆ ಆಕಾಶದಲ್ಲೂ ಅದೇ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಸೂಜಿಗೆ ದಾರ ಪೋಣಿಸಲು ಲೈನಿನ ಮನೆಯ ಆಳುಗಳೆಲ್ಲ ನನ್ನ ಹತ್ತಿರ ಬರುತ್ತಿದ್ದ ಕಾಲ ಒಂದಿತ್ತು.

ಮೂಡಿಗೆರೆಯ ಕಣ್ಣಿನ ಡಾಕ್ಟರು ನೋಡಿ, "ಇದು ಫ್ಲೋಟರ್ಸ್ ಅಮ್ಮ, ವಯಸ್ಸಿಗೆ ಬರ್ತದೆ, ಏನೂ ಮಾಡ್ಬೇಕಾಗಿಲ್ಲ, ಅಭ್ಯಾಸ ಆಗ್ತದೆ" ಅಂದರು. ಒಂದು ತೊಟ್ಟು ಔಷಧಿ ಕೂಡ ಬರೆದುಕೊಡಲಿಲ್ಲ.

ಮೊನ್ನೆ ಬೆಳೆಗಾರರ ಸಭೆಯಲ್ಲಿ ನಿನ್ನ ಗಂಡ ಬಸವಪ್ರಸಾದ್ ಸಿಕ್ಕಿ ನಿನ್ನ ಭಾವನಿಗೆ ಹೇಳಿದನಂತೆ, ನಿನಗೂ ಇದೇ ಆಗಿತ್ತು, ಮಂಗಳೂರಿನಲ್ಲಿ ಲೇಸರ್ ಮಾಡಿಸಿದಿರಿ, ಸ್ಲೇಟು ಒರೆಸಿದ ಹಾಗೆ ಎಲ್ಲ ಹೋಯಿತು ಅಂತ. ಅದನ್ನು ಕೇಳಿದಾಗಿನಿಂದ ನನಗೆ ನಿದ್ದೆ ಸರಿಯಿಲ್ಲ. ಒಂದೇ ಮನೆಗೆ ಸೊಸೆಯರಾಗಿ ಬಂದೆವು. ಪಾಲಾದಾಗ ಅತ್ತಿಗುಂಡಿಯ ರಸ್ತೆ ಪಕ್ಕದ ತೋಟ ನಿನಗೆ, ಕಳಸದ ಹಳ್ಳದಾಚೆಯದು ನನಗೆ. ಮೊಮ್ಮಗ ನಿನಗೆ, ನನ್ನ ಮಗಳು ರಕ್ಷಾಳಿಗೆ ಇನ್ನೂ ಮಗುವಾಗಿಲ್ಲ. ಕಾಯಿಲೆಯಲ್ಲಿ ಕೂಡ ಮದ್ದಿರುವುದು ನಿನಗೆ, ಮದ್ದಿಲ್ಲದ್ದು ನನಗೆ ಅಂದರೆ ಹೇಗೆ ಹೇಳು? ಹೊಟ್ಟೆಕಿಚ್ಚು ಅನ್ನುತ್ತೀಯ. ಹೌದು, ಹೊಟ್ಟೆಕಿಚ್ಚೇ. ನಿನ್ನ ಡಾಕ್ಟರ ಹೆಸರು ಬರೆದು ಕಳಿಸು.

ವಿಮಲಮ್ಮ


ಅತ್ತಿಗುಂಡಿ
26 ಜನವರಿ 2025

ಪ್ರೀತಿಯ ಅಕ್ಕನಿಗೆ ಅರುಣಾಳ ನಮಸ್ಕಾರಗಳು.

ನಿಮ್ಮ ಅಕ್ಷರ ನೋಡಿ ಎಷ್ಟು ಸಂತೋಷವಾಯಿತೋ ಹೇಳಲಾರೆ. ಹೋಂಸ್ಟೇಗೆ ರಜೆಯ ಜನ ತುಂಬಿಕೊಂಡಿದ್ದರಿಂದ ಉತ್ತರ ಬರೆಯಲು ತಡವಾಯಿತು. ಬಂದವರೆಲ್ಲ ನನ್ನ ಆಂಥೂರಿಯಂ ಹೂಗಳ ಜೊತೆ ಫೋಟೋ ತೆಗೆಸಿಕೊಳ್ಳುವುದೇ. ಚಿಕ್ಕಮಗಳೂರಿನ ಫಲಪುಷ್ಪ ಪ್ರದರ್ಶನದಲ್ಲಿ ಈ ಸಲವೂ ಮೊದಲ ಬಹುಮಾನ ನನಗೇ ಬಂತು. ಭಾವ ಹೇಳಿರಬೇಕು.

ಕಣ್ಣಿನ ವಿಷಯ. ನನಗೆ ಶುರುವಾದದ್ದು ಮಳೆಗಾಲ ಮುಗಿಯುವಾಗ. ಮೊದಲು ಕಣ್ಣಂಚಿನಲ್ಲಿ ಯಾರೋ ಟಾರ್ಚ್ ಹಾಕಿ ಆರಿಸಿದ ಹಾಗೆ ಮಿಂಚಿತು. ಮಾರನೆಯ ದಿನ ಒಲೆಯ ಮಸಿ ಉದುರಿದ ಹಾಗೆ ಕಪ್ಪು ಚುಕ್ಕೆಗಳು. ಧನ್ಯಾ ವಿಷಯ ತಿಳಿದ ಕೂಡಲೇ ಮಂಗಳೂರಿನಿಂದ ಬಂದು, ತಾನೇ ಕಾರು ಓಡಿಸಿ ಘಾಟಿ ಇಳಿಸಿ ಕರೆದುಕೊಂಡು ಹೋದಳು. ಗಂಡನ ಮನೆ ಅಲ್ಲೇ ಆದ್ದರಿಂದ ಅವಳಿಗೆ ಆಸ್ಪತ್ರೆಯಲ್ಲಿ ಎಲ್ಲರ ಪರಿಚಯ. ಗಲ್ಲ ಒಂದು ಸ್ಟ್ಯಾಂಡಿನ ಮೇಲೆ ಇಟ್ಟು ಕೂರಿಸಿ ಲೇಸರ್ ಬಿಟ್ಟರು. ಸ್ವಲ್ಪ ಚುಚ್ಚಿದ ಹಾಗಾಯಿತು, ಅಷ್ಟೇ. ಈಗ ಕಣ್ಣು ಕನ್ನಡಿಯ ಹಾಗಿದೆ. ಇದು ಎಲ್ಲರಿಗೂ ಮಾಡುವ ಚಿಕಿತ್ಸೆ ಅಲ್ಲವಂತೆ, ನನ್ನದು ಸ್ವಲ್ಪ ಸ್ಪೆಷಲ್ ಕೇಸ್. ಮೂಡಿಗೆರೆಯಲ್ಲಿ ಆ ಮೆಷಿನ್ ಇರಲಿಕ್ಕಿಲ್ಲ, ಪಾಪ.

ಡಾಕ್ಟರ ಹೆಸರು, ಆಸ್ಪತ್ರೆಯ ವಿಳಾಸ ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ. ಅಲ್ಲಿಯ ತನಕ ಬಿಳಿ ಗೋಡೆ, ಬಿಳಿ ಹಾಳೆ ನೋಡಬೇಡಿ, ಚುಕ್ಕೆ ಅದರ ಮೇಲೇ ಜಾಸ್ತಿ ಕಾಣುವುದು. ನಾನು ಕಂದು ಹಾಳೆಯಲ್ಲಿ ಬರೆಯುತ್ತಿರುವುದು ನೋಡಿದಿರಲ್ಲ.

ತನ್ಮಯ್‌ಗೆ ಈಗ ಭಾರೀ ಮಾತು. "ಕಳಸದ ಅಜ್ಜಿ ಯಾರು" ಅಂತ ಕೇಳುತ್ತಾನೆ. ಛತ್ರಿ ಜೋಪಾನವಾಗಿದೆ.

ನಿಮ್ಮ
ಅರುಣಾ


ಕಳಸ
9 ಫೆಬ್ರವರಿ 2025

ಅರುಣಾ,

ಎರಡು ಪುಟ ತುಂಬ ಬರೆದಿದ್ದೀಯ. ಬಹುಮಾನ ಬಂತು, ಮಗಳು ಕಾರು ಓಡಿಸಿದಳು, ಕಣ್ಣು ಕನ್ನಡಿಯಾಯಿತು. ಉಪ್ಪು ಮೆಣಸಿನಕಾಯಿಯ ಬಗ್ಗೆ ಮಾತ್ರ ಒಂದು ಅಕ್ಷರ ಇಲ್ಲ. ಛತ್ರಿ ಜೋಪಾನವಾಗಿದೆಯಂತೆ. ಛತ್ರಿಯ ಚಿಂತೆ ಯಾರಿಗಿತ್ತು?

ಕಣ್ಣು ಕನ್ನಡಿಯಾಗಿದ್ದರೆ ಕಂದು ಹಾಳೆಯಲ್ಲಿ ಯಾಕೆ ಬರೆಯುತ್ತೀಯ ಅಂತ ನಿನ್ನ ಭಾವನನ್ನು ಕೇಳಿದೆ. "ಅವ್ಳು ಬರ್ಯೋ ಹಾಳೆ ಬಣ್ಣನೂ ನೀನೇ ಹೇಳ್ಬೇಕಾ" ಅಂದರು. ಗಂಡಸರಿಗೆ ಇಂಥದು ಅರ್ಥವಾಗುವುದಿಲ್ಲ.

ನಾನೂ ಮಂಗಳೂರಿಗೆ ಹೋಗುತ್ತೇನೆ. ನಿನ್ನ ಡಾಕ್ಟರೇ ಬೇಕು, ನಿನ್ನ ಲೇಸರೇ ಬೇಕು. ನಾನೇನು ಸ್ಪೆಷಲ್ ಕೇಸ್ ಅಲ್ಲವಾ? ರಕ್ಷಾ ಶಾಲೆಗೆ ರಜೆ ಹಾಕಿ ಬರುತ್ತಾಳೆ. ಅವಳಿಗೆ ಕಾರು ಓಡಿಸಲು ಬರುವುದಿಲ್ಲ, ಬಸ್ಸಿನಲ್ಲೇ ಘಾಟಿ ಇಳಿಯುತ್ತೇವೆ. ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಸಾಕು.

ವಿಮಲಮ್ಮ


ಕಳಸ
2 ಮಾರ್ಚ್ 2025

ಅರುಣಾ,

ಹೋಗಿ ಬಂದೆ. ನೀನು ಇದಕ್ಕೆ ಉತ್ತರ ಬರೆಯಲೇಬೇಕು.

ಕಣ್ಣಿಗೆ ತೊಟ್ಟು ಬಿಟ್ಟು ಕೂರಿಸಿದರು. ಪಾಪೆ ಅಗಲವಾಗಿ ಊರಿಗೆಲ್ಲ ಟ್ಯೂಬ್‌ಲೈಟ್ ಹಾಕಿದ ಹಾಗೆ ಬೆಳಕು. ನಿನ್ನ ಡಾಕ್ಟರಮ್ಮ ಒಳ್ಳೆಯವರು, ಮಂಗಳೂರು ಕನ್ನಡ. ನೆತ್ತಿಯ ಮೇಲೆ ದೀಪ ಕಟ್ಟಿಕೊಂಡು ಎರಡೂ ಕಣ್ಣಿನ ಮೂಲೆ ಮೂಲೆ ನೋಡಿದರು. ನೋಡಿ, "ಏನೂ ತೊಂದರೆ ಇಲ್ಲ ಅಮ್ಮ. ಕಣ್ಣಿನ ಒಳಗೆ ಲೋಳೆಯ ಹಾಗಿನದು ಒಂದು ಉಂಟು. ಪ್ರಾಯ ಆದ ಹಾಗೆ ಅದು ನೀರಾಗಿ ಎಳೆ ಎಳೆ ಆಗ್ತದೆ. ಆ ಎಳೆಯ ನೆರಳು ಹಿಂದಿನ ಪರದೆಗೆ ಬೀಳುವುದು. ನಿಮಗೆ ಕಾಣುವುದು ಅದೇ" ಅಂದರು.

"ನನ್ನ ವಾರಗಿತ್ತಿಗೆ ಮಾಡಿದ ಲೇಸರ್ ನನಗೂ ಮಾಡಿ" ಅಂದೆ.

"ಬೇರೆಯವರ ವಿಷಯ ನಾನು ಹೇಳುವ ಹಾಗಿಲ್ಲ" ಅಂದರು.

ನಾನು ಬಿಡಲಿಲ್ಲ. ಆಮೇಲೆ ನಕ್ಕು, ಸಮಾಧಾನದಿಂದ ಬಿಡಿಸಿ ಹೇಳಿದರು. ಚುಕ್ಕೆಯನ್ನೇ ಒಡೆಯುವ ಲೇಸರ್ ಒಂದು ಇದೆಯಂತೆ. ಅದನ್ನು ಮಾಡುವವರು ಕಡಿಮೆ, ಎಲ್ಲೋ ಕೆಲವು ಥರದ ದೊಡ್ಡ ಚುಕ್ಕೆಗೆ ಮಾತ್ರ ಸರಿ, ಮಾಡಿದರೂ ಪೂರ್ತಿ ಹೋಗುತ್ತದೆ ಅನ್ನುವ ಖಾತ್ರಿ ಇಲ್ಲ. ತಮ್ಮಲ್ಲಿ ಅದನ್ನು ಮಾಡುವುದೇ ಇಲ್ಲ ಅಂದರು. ಆಪರೇಷನ್ ಮಾಡಿ ಆ ಲೋಳೆಯನ್ನೇ ತೆಗೆದು ಉಪ್ಪುನೀರು ತುಂಬಬಹುದಂತೆ. ಹಾಗೆ ಮಾಡಿದರೆ ಪೊರೆ ಬೇಗ ಬರುತ್ತದೆ, ಒಮ್ಮೊಮ್ಮೆ ಪರದೆಯೇ ಬಿಟ್ಟುಕೊಳ್ಳುತ್ತದೆ. ಓದುವುದು, ಓಡಾಡುವುದೇ ಆಗದವರಿಗೆ ಮಾತ್ರ ಅದು. "ನೊಣ ಓಡಿಸ್ಲಿಕ್ಕೆ ಮನೆಗೆ ಬೆಂಕಿ ಹಾಕ್ತಾರಾ ಅಮ್ಮ?" ಅಂತ ಕೇಳಿದರು.

"ಹಾಗಾದ್ರೆ ನಿಮ್ಮಲ್ಲಿ ಮಾಡೋ ಲೇಸರ್ ಯಾವ್ದು?" ಅಂತ ರಕ್ಷಾ ಕೇಳಿದಳು.

"ಪರದೆ ಹರಿದಿದ್ದರೆ ಮಾಡುವುದು. ಹರಿದ ಜಾಗದ ಸುತ್ತ ಬೆಸುಗೆ ಹಾಕಿದ ಹಾಗೆ. ಅದಕ್ಕೂ ಚುಕ್ಕೆಗೂ ಸಂಬಂಧ ಇಲ್ಲ, ಚುಕ್ಕೆ ಹಾಗೇ ಇರ್ತದೆ" ಅಂದರು. ಎದ್ದು ಬರುವಾಗ ನನ್ನ ಕೈ ಹಿಡಿದು ಇನ್ನೊಂದು ಮಾತು ಹೇಳಿದರು. "ಕಣ್ಣಲ್ಲಿ ಮಿಂಚಿದರೆ, ಮಸಿ ಉದುರಿದ ಹಾಗೆ ಹೊಸ ಚುಕ್ಕೆ ಒಮ್ಮೆಲೇ ಬಂದರೆ, ಒಂದು ಬದಿಯಿಂದ ಪರದೆ ಎಳೆದ ಹಾಗೆ ನೆರಳು ಕಂಡರೆ, ನಾಳೆ ಅನ್ನಬೇಡಿ. ಆ ದಿವಸವೇ ಬರಬೇಕು. ತಡ ಆದರೆ ಕಣ್ಣು ಹೋಗ್ತದೆ."

ಮಿಂಚು, ಮಸಿ. ಇವು ನಿನ್ನ ಕಾಗದದಲ್ಲಿ ಇದ್ದ ಮಾತುಗಳು, ಅರುಣಾ. ಬಸ್ಸು ಚಾರ್ಮಾಡಿ ಘಾಟಿ ಹತ್ತುವ ತನಕ ಅದನ್ನೇ ಯೋಚಿಸಿದೆ. ನಿನ್ನ ಕಣ್ಣಿನ ಪರದೆ ಹರಿದಿತ್ತು. ಚುಕ್ಕೆ ಈಗಲೂ ಇದೆ, ಅದಕ್ಕೇ ಕಂದು ಹಾಳೆ. ಸ್ಲೇಟು ಒರೆಸಿದ್ದೂ ಸುಳ್ಳು, ಕನ್ನಡಿಯೂ ಸುಳ್ಳು. ನಾನು ಇಲ್ಲಿ ಕರುಬಿ ಕರುಬಿ ಸೊರಗಲಿ ಅಂತ ತಾನೇ ಹಾಗೆ ಬರೆದದ್ದು? ಕಣ್ಣು ಹೋಗುವ ಹಾಗಾಗಿತ್ತು ಅನ್ನುವುದನ್ನು ನನಗೆ ಯಾಕೆ ಹೇಳಲಿಲ್ಲ?

ವಿಮಲಮ್ಮ


ಅತ್ತಿಗುಂಡಿ
23 ಮಾರ್ಚ್ 2025

ಅಕ್ಕ,

ಹೂಮಳೆ ಚೆನ್ನಾಗಿ ಆಯಿತು. ಕಾಫಿ ಹೂ ಬಿಟ್ಟು ತೋಟವೆಲ್ಲ ಬೆಳ್ಳಗಾಗಿದೆ. ಆ ಬಿಳಿಯ ಮೇಲೆ ನನ್ನ ಚುಕ್ಕೆಗಳನ್ನು ನೋಡುತ್ತ ಈ ಕಾಗದ ಬರೆಯುತ್ತಿದ್ದೇನೆ. ಹೌದು, ಅವು ಹೋಗಿಲ್ಲ.

ಹರಿದಿತ್ತು ಅಂತ ಹೇಗೆ ಹೇಳಲಿ? ಹೇಳಿದ್ದರೆ ನೀವು, ಮೆಣಸಿನಕಾಯಿ ನಿವಾಳಿಸಿದವಳಿಗೆ ದೇವರು ಕೊಟ್ಟ ಶಿಕ್ಷೆ ಅನ್ನುತ್ತಿದ್ದಿರಿ. ಬಾಯಲ್ಲಿ ಅನ್ನದಿದ್ದರೂ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದಿರಿ. ಇವರಿಗೂ ಊರವರಿಗೂ ಪೂರ್ತಿ ವಾಸಿಯಾಯಿತು ಅಂತಲೇ ಹೇಳಿದ್ದೇನೆ. ನೀವು ಹೊಟ್ಟೆಕಿಚ್ಚು ಅಂತ ಬರೆದಾಗ ಖುಷಿಯಾಯಿತು ಅಕ್ಕ, ಅದನ್ನು ಮುಚ್ಚಿಡುವುದಿಲ್ಲ. ನಾನು ಮದುವೆಯಾಗಿ ಬಂದ ದಿನದಿಂದ ಆ ಮನೆಯಲ್ಲಿ ಎಲ್ಲದಕ್ಕೂ ನೀವೇ. ಅಕ್ಕಿ ಆರಿಸಲು ವಿಮಲ, ಕಾಫಿ ಒಣಗಿದ್ದು ನೋಡಲು ವಿಮಲ, ಸೀರೆ ಆರಿಸಲು ವಿಮಲ. "ನಮ್ಮ ವಿಮಲನ ಕಣ್ಣೇ ಕಣ್ಣು" ಅಂತ ಅತ್ತೆ ಎಷ್ಟು ಸಲ ಅಂದರು. ನನ್ನ ಬಗ್ಗೆ ಒಂದು ಸಲವೂ ಹಾಗೆ ಅನ್ನಲಿಲ್ಲ. ಹೊಟ್ಟೆಕಿಚ್ಚು ನಿಮ್ಮೊಬ್ಬರ ಸ್ವತ್ತು ಅಂದುಕೊಂಡಿದ್ದೀರಾ?

ಮೆಣಸಿನಕಾಯಿಯ ವಿಷಯಕ್ಕೂ ಉತ್ತರ ಕೊಡುತ್ತೇನೆ, ನಾಲ್ಕು ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀರಿ. ಆ ದಿನ ನೀವು ಊಟ ಮುಗಿದ ಮೇಲೆ ಮಗುವನ್ನು ಎತ್ತಿಕೊಂಡವರು ಕೆಳಗಿಳಿಸಲೇ ಇಲ್ಲ. ಧನ್ಯಾ ಹಾಲು ಕೊಡಬೇಕು ಅಂದರೂ ಕೊಡಲಿಲ್ಲ. ಕಿಟಕಿಯ ಹತ್ತಿರ ನಿಂತು ಅದರ ಮುಖವನ್ನೇ ನೋಡುತ್ತಿದ್ದಿರಿ. ನನಗೆ ಹೆದರಿಕೆಯಾಯಿತು. ನೀವು ಹೊರಟ ಕೂಡಲೇ ಮಗು ಅಳಲು ಹಿಡಿಯಿತು. ನಿವಾಳಿಸಿದೆ. ಬೇರೆ ಯಾರ ಮೇಲೂ ಅನುಮಾನ ಪಟ್ಟು ಅಲ್ಲ, ನಿಮ್ಮ ಮೇಲೇ.

ನಿಜ ಬೇಕು ಅಂದಿರಿ. ಇದು ನಿಜ.

ಅರುಣಾ


ಕಳಸ
10 ಏಪ್ರಿಲ್ 2025

ಅರುಣಾ,

ಹೌದು, ಮಗುವನ್ನು ಕೆಳಗಿಳಿಸಲಿಲ್ಲ. ಅದರ ಹಿಂದಿನ ವಾರ ರಕ್ಷಾಳಿಗೆ ಎರಡನೆಯ ಸಲ ಮಗು ಹೊಟ್ಟೆಯಲ್ಲೇ ಹೋಗಿತ್ತು. ನಿಮಗೆ ಯಾರಿಗೂ ಹೇಳಿರಲಿಲ್ಲ. ತೊಟ್ಟಿಲ ದಿನ ಹೇಳುವ ಸುದ್ದಿ ಅಲ್ಲ ಅದು. ಹೊಟ್ಟೆ ಉರಿಯಿತು, ಅದು ನಿನ್ನ ಮೇಲೆ. ಮಗುವಿನ ಮೇಲೆ ನನ್ನ ಕಣ್ಣು ಯಾವತ್ತೂ ಕೆಟ್ಟದ್ದು ಬಯಸಿಲ್ಲ.

ಇನ್ನು ಕಾಗದ ಬರೆಯಬೇಡ.

ವಿಮಲಮ್ಮ


ಅತ್ತಿಗುಂಡಿ
6 ಮೇ 2025

ಅಕ್ಕ,

ಬರೆಯಬೇಡ ಅಂದಿದ್ದೀರಿ. ನಾನು ಯಾವ ದೇವರ ಮುಂದೆಯೂ ಆಣೆ ಮಾಡಿಲ್ಲ, ಬರೆಯುತ್ತೇನೆ.

ರಕ್ಷಾಳ ವಿಷಯ ಓದಿದ ಮೇಲೆ ಎಷ್ಟು ಸಲ ಬರೆಯಲು ಕೂತೆನೋ. ಒಂದೂ ಸರಿಬರಲಿಲ್ಲ, ಹರಿದು ಹಾಕಿದೆ. ಆದ್ದರಿಂದ ಮನೆಯ ಸುದ್ದಿಯನ್ನೇ ಬರೆಯುತ್ತೇನೆ, ನೀವು ಓದದೆ ಎತ್ತಿಟ್ಟರೂ ಆಯಿತು.

ತೋಟದಲ್ಲಿ ಮರಗಸಿ ನಡೆಯುತ್ತಿದೆ, ಮಳೆ ಹಿಡಿಯುವ ಮೊದಲು ನೆರಳಿನ ಕೊಂಬೆ ಸವರಿ ಮುಗಿಸಬೇಕು. ಇದೇ ಹೊತ್ತಿಗೆ ಮನೆ ಮುಂದಿನ ಸಿಲ್ವರ್ ಓಕ್ ಒಂದು ನನಗೆ ತಲೆನೋವಾಗಿದೆ. ಬೆಳಿಗ್ಗೆ ನಾನು ಕಾಫಿ ಕುಡಿಯಲು ಜಗಲಿಯಲ್ಲಿ ಕೂರುವ ಕುರ್ಚಿ ನಿಮಗೆ ಗೊತ್ತಲ್ಲ, ಮರ ಅದರ ಎಡಕ್ಕೆ ಇದೆ. ಈಚೆಗೆ ಆ ಕಡೆಯಿಂದ ವಿಪರೀತ ನೆರಳು. ಪೇಪರಿನ ಎಡಮೂಲೆ ಕೂಡ ಮಂಕು. ಕೊಂಬೆ ಬಹಳ ಬೆಳೆದಿರಬೇಕು ಅಂತ ಮೊನ್ನೆ ಆಳಿಗೆ ಹೇಳಿ ಕಡಿಸಿದೆ. ಮೆಣಸಿನ ಬಳ್ಳಿ ಹಬ್ಬಿದ ಮರ, ಇವರು ಬೈದರು. ಕಡಿದದ್ದರಿಂದ ಆದ ನಷ್ಟ ನೋಡಿ, ಬುಡದಲ್ಲಿದ್ದ ನನ್ನ ಆಂಥೂರಿಯಂಗೆಲ್ಲ ನೇರ ಬಿಸಿಲು ಬಿದ್ದು ಎಲೆ ಸುಟ್ಟುಹೋಗಿವೆ. ಆದರೆ ನನ್ನ ಕುರ್ಚಿಯ ಎಡಕ್ಕೆ ನೆರಳು ಹೋಗಿಲ್ಲ, ಸ್ವಲ್ಪ ಜಾಸ್ತಿಯೇ ಆದ ಹಾಗಿದೆ. ಇನ್ನೂ ಯಾವುದೋ ಕೊಂಬೆ ಉಳಿದಿದೆ. ಹಾಲ್‌ನಲ್ಲೂ ಆ ಬದಿಯ ಬಲ್ಬು ಮಂಕಾಗಿದೆ, ಬದಲಾಯಿಸಬೇಕು.

ಯಾವ ಮರದ ಯಾವ ಕೊಂಬೆ ಎಷ್ಟು ನೆರಳು ಕೊಡುತ್ತದೆ ಅಂತ ನಿಂತಲ್ಲೇ ಹೇಳುವವರು ನೀವು. ನೀವು ಇಲ್ಲಿದ್ದಿದ್ದರೆ ತೋರಿಸುತ್ತಿದ್ದಿರಿ ಅಂತ ಅನ್ನಿಸಿತು. ಅದಕ್ಕೇ ಬರೆದೆ.

ಅರುಣಾ


ಮಂಗಳೂರು
25 ಮೇ 2025

ಅಕ್ಕ,

ಅಕ್ಷರ ವಕ್ರವಾಗಿದ್ದರೆ ಬೇಸರ ಮಾಡಬೇಡಿ, ತಲೆ ತಗ್ಗಿಸಿ ಕೂತು ಬರೆಯುತ್ತಿದ್ದೇನೆ. ಆಪರೇಷನ್ ಮಾಡಿ ಎಡಗಣ್ಣಿನೊಳಗೆ ಗಾಳಿಯ ಗುಳ್ಳೆ ತುಂಬಿದ್ದಾರೆ. ಅದು ಪರದೆಯನ್ನು ಒಳಗಿನಿಂದ ಒತ್ತಿ ಹಿಡಿಯಬೇಕಂತೆ. ಅದಕ್ಕಾಗಿ ಸದ್ಯಕ್ಕೆ ಊಟ, ನಿದ್ದೆ, ಎಲ್ಲವೂ ಮುಖ ನೆಲಕ್ಕೆ ಮಾಡಿಕೊಂಡೇ. ಧನ್ಯಾಳ ಮನೆಯಲ್ಲಿದ್ದೇನೆ. ನನ್ನ ಮುಖ ಕಾಣುವುದು ತನ್ಮಯ್‌ಗೆ ಮಾತ್ರ. ಅವನು ಕುರ್ಚಿಯ ಕೆಳಗೆ ಅಂಗಾತ ಮಲಗಿ, "ಅಜ್ಜಿ, ಅಳ್ತಿದ್ದೀಯಾ?" ಅಂತ ಕೇಳುತ್ತಾನೆ.

ನೀವು ಆ ಬೆಳಿಗ್ಗೆ ಫೋನ್ ಮಾಡಿದ್ದನ್ನು ಎಷ್ಟು ಸಲ ನೆನೆಸಿಕೊಂಡೆನೋ. ಜಗಲಿಯ ಕುರ್ಚಿಯಲ್ಲಿ ಕೂತಿದ್ದೆ, ಗೊತ್ತಿಲ್ಲದ ನಂಬರು. ಎತ್ತಿದರೆ ಏದುಸಿರು ಬಿಡುವ ಸದ್ದು. ನಿಮ್ಮಲ್ಲಿ ಸಿಗ್ನಲ್ ಸಿಗುವುದು ಮೇಲಿನ ಗೇಟಿನ ಹತ್ತಿರ ಮಾತ್ರ ಅಂತ ಆಮೇಲೆ ನೆನಪಾಯಿತು, ಓಡಿ ಹತ್ತಿದ್ದೀರಿ. ನಾಲ್ಕು ವರ್ಷದ ಮೇಲೆ ನಿಮ್ಮ ದನಿ ಕೇಳಿದ್ದು ಹೀಗೆ: "ಬಲಗಣ್ಣು ಮುಚ್ಕೊಳೇ."

"ಅಕ್ಕ?" ಅಂದೆ.

"ಮುಚ್ಕೊ ಅಂದ್ನಲ್ಲ. ಎದುರಿಗೆ ನೋಡು. ಎಡಕ್ಕೆ ಮರ ಕಾಣ್ತದಾ?"

"ಇಲ್ಲ ಅಕ್ಕ. ಕಪ್ಪಗಿದೆ."

"ಈಗ ಎಡಗಣ್ಣು ಮುಚ್ಕೊ. ನೆರಳು ಇದೆಯಾ?"

ಇರಲಿಲ್ಲ. ಕೊಂಬೆ ಕಡಿದ ಮರದ ಮೇಲೆ ಬಿಸಿಲು ಫಳಫಳ ಅನ್ನುತ್ತಿತ್ತು.

"ಹೂವಿನ್ ಗಿಡಕ್ಕೆ ಬಿಸ್ಲು ಬಿದ್ದು ಎಲೆ ಸುಟ್ಟಿದೆ ಅಂತ ನೀನೇ ಬರ್ದಿದೀಯ. ಅಲ್ಲಿಗೆ ಬಿಸ್ಲು ಬಂದ್ಮೇಲೆ ನಿಂಗೆ ನೆರಳು ಎಲ್ಲಿಂದ ಬಂತು? ಅದು ಮರದ್ದಲ್ಲ, ನಿನ್ನ ಕಣ್ಣಿಂದು. ಪ್ರಸಾದನ್ನ ಕರಿ, ಈಗ್ಲೇ ಹೊರಡಿ. ತಿಂಡಿ ತಿಂದ್ಕೊಂಡು ಹೋಗ್ತೀನಿ ಅನ್ಬೇಡ, ಆಪರೇಷನ್ ಅಂದ್ರೆ ಖಾಲಿ ಹೊಟ್ಟೇಲಿ ಇರ್ಬೇಕು."

ಅಷ್ಟು ಹೇಳಿ ಇಟ್ಟಿರಿ. ನಾನು ಆಣೆಯ ಬಗ್ಗೆ ಕೇಳುವ ಮೊದಲೇ ಇಟ್ಟಿರಿ.

ಡಾಕ್ಟರಮ್ಮ ಹೇಳಿದರು, ಪರದೆಯ ನಡುಭಾಗ ಇನ್ನೂ ಬಿಟ್ಟುಕೊಂಡಿರಲಿಲ್ಲ, ಅಂಚಿಗೆ ಬಂದಿತ್ತು, ಮತ್ತೆರಡು ದಿನ ಬಿಟ್ಟಿದ್ದರೆ ಕಷ್ಟವಿತ್ತು ಅಂತ. ಕಣ್ಣು ಉಳಿಯುತ್ತದೆ ಅನ್ನುತ್ತಾರೆ. ಇವರಿಗೆ ಅದೊಂದೇ ಆಶ್ಚರ್ಯ, "ಎದುರಿಗಿದ್ದ ನಂಗೆ ಕಾಣ್ಲಿಲ್ಲ, ಅತ್ಗೆ ಕಳಸದಲ್ಲಿ ಕೂತು ಹೇಗೆ ನೋಡಿದ್ರು?" ಅಂತ ಕೇಳುತ್ತಲೇ ಇದ್ದಾರೆ.

ನಾನು ದಡ್ಡಿಯಲ್ಲ ಅಕ್ಕ. ಅದು ಮರದ ನೆರಳಲ್ಲ ಅಂತ ಅರ್ಧ ಗೊತ್ತಿತ್ತು. ವಾಸಿಯಾಯಿತು ಅಂತ ಊರಿಗೆಲ್ಲ ಸಾರಿದವಳು, ಮತ್ತೆ ಹೋಯಿತು ಅಂತ ಯಾವ ಬಾಯಲ್ಲಿ ಹೇಳಲಿ? ನಿಮಗೆ ಗೊತ್ತಾದರೆ ನಗುತ್ತೀರಿ ಅಂತ ಮರದ ಕೊಂಬೆ ಕಡಿಸಿದೆ. ಆದರೂ ನಿಮಗೇ ಬರೆದೆ, ಯಾಕೆ ಅಂತ ನೀವೇ ಹೇಳಬೇಕು.

ಗುಳ್ಳೆ ಕರಗುವ ತನಕ ಘಾಟಿ ಹತ್ತುವ ಹಾಗಿಲ್ಲವಂತೆ. ಮೇಲೆ ಹೋದ ಹಾಗೆ ಅದು ಊದಿಕೊಂಡು ಕಣ್ಣಿಗೆ ಒತ್ತಡವಾಗುತ್ತದೆ. ಇನ್ನೂ ಕೆಲವು ವಾರ ಇಲ್ಲೇ. ನೀವು ಬಂದು ಹೋಗುತ್ತೀರಾ? ಬಂದರೆ ನೀವು ಹೋದ ಮೇಲೆ ನಾನು ಏನನ್ನೂ ಕೆಂಡಕ್ಕೆ ಹಾಕುವುದಿಲ್ಲ. ನನಗೇ ಯಾರದೋ ಕಣ್ಣು ತಾಗಿದೆ ಅನ್ನಿಸುತ್ತದೆ. ನೀವೇ ಬಂದು ನಿವಾಳಿಸಿ.

ನಿಮ್ಮ
ಅರುಣಾ


ಕಳಸ
1 ಜೂನ್ 2025

ಅರುಣಾ,

ನಿನ್ನ ತಲೆ ನನ್ನ ಮುಂದೆ ತಗ್ಗಬೇಕು ಅಂತ ಎಷ್ಟು ವರ್ಷ ಆಸೆಪಟ್ಟಿದ್ದೆ. ಈಗ ತಗ್ಗಿದೆ, ಆದರೆ ಡಾಕ್ಟರು ಹೇಳಿದರು ಅಂತ. ಇದರಲ್ಲೂ ನನಗೆ ಪೂರ್ತಿ ಸುಖ ಇಲ್ಲ. ನನ್ನ ಕಣ್ಣಲ್ಲಿ ನೊರಜಿನ ಹಾಗೆ ಹಾರುವ ಅದೇ ಹಳೇ ಚುಕ್ಕೆ, ನಿನ್ನ ಕಣ್ಣಲ್ಲಿ ಗಾಳಿ ತುಂಬಿದ ಗುಳ್ಳೆ. ಊರಿನಲ್ಲಿ ಎಲ್ಲರೂ ನಿನ್ನ ಗುಳ್ಳೆಯನ್ನೇ ವಿಚಾರಿಸುತ್ತಾರೆ, ನನ್ನ ನೊರಜನ್ನು ಕೇಳುವವರಿಲ್ಲ.

ನಿನ್ನೆ ಹೊರನಾಡಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದೆ. ಆಣೆ ಮುರಿದಿದ್ದೇನಲ್ಲ. ಪ್ರಸಾದ ಕೊಡುವಾಗ ಭಟ್ಟರು, "ಎಂಥ ತಪ್ಪಾಯ್ತಮ್ಮ?" ಅಂದರು. "ವಾರಗಿತ್ತಿ ಜೊತೆ ಮಾತಾಡ್ದೆ" ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಕಾಣಿಕೆ ಹಾಕಿದ್ದಾಯಿತು, ಇನ್ನು ಮೇಲೆ ಎಷ್ಟು ಬೇಕಾದರೂ ಮಾತಾಡಬಹುದು, ಜಗಳ ಕೂಡ ಆಡಬಹುದು.

ನೀನು ಹತ್ತುವ ಹಾಗಿಲ್ಲ, ಆದ್ದರಿಂದ ನಾನೇ ಇಳಿಯುತ್ತೇನೆ. ಗುರುವಾರ ಕೊಟ್ಟಿಗೆಹಾರದಲ್ಲಿ ಮಂಗಳೂರು ಬಸ್ಸು ಹಿಡಿಯುತ್ತೇವೆ, ರಕ್ಷಾಳೂ ಬರುತ್ತಾಳೆ. ಮಗುವನ್ನು ಎತ್ತಿಕೊಳ್ಳುತ್ತೇನೆ, ಕೆಳಗಿಳಿಸುವುದಿಲ್ಲ. ಈಗಲೇ ಹೇಳಿದ್ದೇನೆ, ಆಮೇಲೆ ಮುಖ ಊದಿಸಬೇಡ. ರಕ್ಷಾಳ ಕೈಗೂ ಕೊಡಬೇಕು, ಅವಳಾಗಿ ಕೇಳುವುದಿಲ್ಲ.

ಉಪ್ಪು, ಒಣಮೆಣಸಿನಕಾಯಿ ನಮ್ಮ ಮನೆಯದೇ ತರುತ್ತೇನೆ. ಆಪರೇಷನ್ ಆದ ಕಣ್ಣಿಗೆ ಹೊಗೆ ತಾಗಬಾರದು, ನಿವಾಳಿಸಿ ಹಿತ್ತಲಿಗೆ ಒಯ್ದು ದೂರದಲ್ಲಿ ಕೆಂಡಕ್ಕೆ ಹಾಕುತ್ತೇನೆ. ನೀನು ಒಳಗೆ ತಲೆ ತಗ್ಗಿಸಿಕೊಂಡೇ ಕೂತಿರು. ಆದರೆ ಒಂದು ಮಾತು ನೆನಪಿಟ್ಟುಕೋ, ಅರುಣಾ. ಘಾಟು ಬರಲಿ, ಬಾರದಿರಲಿ, ನೀನು ಕೆಮ್ಮಬೇಕು. ಹಿತ್ತಲಲ್ಲಿ ನಿಂತಿರುವ ನನಗೆ ಕೇಳುವ ಹಾಗೆ ಕೆಮ್ಮಬೇಕು.

ನಿನ್ನ ಅಕ್ಕ
ವಿಮಲ